ಕಡಿಮೆ ದುಡ್ಡಲ್ಲಿ ಸಸ್ಪೆನ್ಷನ್ ಫೋರ್ಕ್: ಮೊದಲು ಟೇಪ್ ಹಿಡಿಯಿರಿ

ಎಂಟಿಬಿಗೆ, ಅಂದರೆ ಮೌಂಟನ್ ಬೈಕ್ ಸೈಕಲ್ಲಿಗೆ, ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಬದಲಿಸುವವರು ಬೆಲೆ ನೋಡುವ ಮೊದಲು ಹಳೆಯದನ್ನು ಅಳೆಯಿರಿ. ಫೋರ್ಕಿನಿಂದ ಹ್ಯಾಂಡಲ್ ಕಡೆಗೆ ಏರುವ ಕೊಳವೆ, ಅಂದರೆ ಸ್ಟೀರರ್ ಟ್ಯೂಬ್, ಉದ್ದಕ್ಕೂ 28.6 ಮಿ.ಮೀ. ದಪ್ಪವೋ, ಬುಡದಲ್ಲಿ ಅಗಲವಾಗುವ ಟೇಪರ್ಡ್ ಥರದ್ದೋ? ಚಕ್ರದ ಸೈಜು ಎಷ್ಟು, ಚಕ್ರದ ನಡುವಿನ ಆಕ್ಸಲ್ 9 ಮಿ.ಮೀ.ಯೋ 15 ಮಿ.ಮೀ.ಯೋ?

ಸೆಕೆಂಡ್ ಹ್ಯಾಂಡ್ ಆದರೆ ಸ್ಟೀರರ್ ಉದ್ದ ಕೇಳಲೇಬೇಕು. ನಾನು ಸುಮ್ನೆ ಫೋಟೊ ನೋಡಿ ಒಂದು ತಂದೆ. ಹಿಂದಿನವರು ಎರಡು ಬೆರಳಷ್ಟು ಜಾಸ್ತಿ ಕತ್ತರಿಸಿದ್ದರು, ಹ್ಯಾಂಡಲ್ ಹಿಡಿಯುವ ಸ್ಟೆಮ್ ಕೂರಲು ಜಾಗವೇ ಇರಲಿಲ್ಲ! ಹೊಳೆಯುವ ಕೊಳವೆಗಳ ಮೇಲೆ ಉಗುರು ಆಡಿಸಿ ನೋಡಿ. ಗೀರು ಉಗುರಿಗೆ ಸಿಕ್ಕರೆ ಬಿಟ್ಟುಬಿಡಿ, ಅದು ಒಳಗಿನ ರಬ್ಬರ್ ಸೀಲ್ ತಿಂದುಹಾಕುತ್ತದೆ.

ಭಾನುವಾರ ನಂದಿ ಬೆಟ್ಟದ ಟಾರು ರಸ್ತೆ ಹತ್ತುವುದಷ್ಟೇ ಆದರೆ ಸಸ್ಪೆನ್ಷನ್ನೇ ಬೇಡ ಅಲ್ವಾ? ಕಲ್ಲುದಾರಿಗೆ 100 ಮಿ.ಮೀ. ಟ್ರಾವೆಲ್ (ಫೋರ್ಕ್ ಕುಗ್ಗುವ ದೂರ) ಸಾಕು. ಅಷ್ಟಕ್ಕೇ ಮಾಡಿದ ಫ್ರೇಮಿಗೆ 130 ಹಾಕಿದರೆ ಮುಂಭಾಗ ಎತ್ತರವಾಗಿ, ಏರಿನಲ್ಲಿ ಚಕ್ರ ಅಲೆಯುತ್ತದೆ.

ಕಾದು ಇನ್ನಷ್ಟು ದುಡ್ಡು ಕೂಡಿಸಲು ಆಗುವುದಾದರೆ, ಕಾಯಿಲ್ (ಲೋಹದ ಸ್ಪ್ರಿಂಗಿನದ್ದು) ಬಿಟ್ಟು, ಗಾಳಿಯೇ ಸ್ಪ್ರಿಂಗ್ ಆಗುವ ಏರ್ ಫೋರ್ಕ್ ತಗೊಳ್ಳಿ. ಹಗುರ, ನಿಮ್ಮ ತೂಕಕ್ಕೆ ಗಾಳಿ ಹೊಂದಿಸಬಹುದು. ಆ ಗಾಳಿ ತುಂಬುವ ಶಾಕ್ ಪಂಪಿನ ಖರ್ಚೂ ಲೆಕ್ಕಕ್ಕಿರಲಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ಹಚ್ಚಬೇಡಿ.