ಕಾದು ಕೊಳ್ಳುವವನ ಲೆಕ್ಕ

ದಾವಣಗೆರೆಯ ಎಪಿಎಂಸಿ ಯಾರ್ಡಿನ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ಮೆಕ್ಕೆಜೋಳದ ರೈತರು ಬೆಲೆ ಏರಲಿ ಎಂದು ಚೀಲ ಕಟ್ಟಿಟ್ಟು ಕಾಯುವುದನ್ನು ದಿನವೂ ನೋಡುತ್ತೇನೆ. ನಾನೂ ಕಾಯುವವನೇ, ಆದರೆ ಬೆಲೆ ಇಳಿಯಲಿ ಎಂದು. ಜೋಳದ ಬೆಲೆಯಲ್ಲ, ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲಿನ ಬೆಲೆ. ಅಶೋಕ ರಸ್ತೆಯ ರೈಲ್ವೆ ಗೇಟಿನ ಮುಂದೆ ಸೈಕಲ್ಲಿನ ಮೇಲೆ ಕುಳಿತು, ಒಂದು ಕಾಲೂರಿಕೊಂಡೇ ಬೆಳೆದವರಿಗೆ ಕಾಯುವುದು ದೊಡ್ಡ ಮಾತಲ್ಲ.

ಯಾವ ಯಂತ್ರವನ್ನೂ ಅದು ಬಂದ ವರ್ಷ ಕೊಳ್ಳಬಾರದು ಎಂಬುದು ನನ್ನ ನಿಯಮ. ಹಳೆಯ ಲೆಕ್ಕ ಇದಕ್ಕೆ ಒತ್ತಾಸೆಯಾಗಿತ್ತು. 2000ದಲ್ಲಿ ಅಮೆರಿಕದಲ್ಲಿ 299 ಡಾಲರಿಗೆ ಬಂದ ಸೋನಿಯ ಪ್ಲೇಸ್ಟೇಷನ್ 2, 2009ರ ಹೊತ್ತಿಗೆ 99 ಡಾಲರಿಗೆ ಇಳಿದಿತ್ತು. 2006ರಲ್ಲಿ ದೊಡ್ಡ ಪ್ಲೇಸ್ಟೇಷನ್ 3ಕ್ಕೆ 599 ಡಾಲರ್ ಇದ್ದರೆ, ಮೂರೇ ವರ್ಷಕ್ಕೆ ಅದರ ತೆಳು ಮಾದರಿ 299ಕ್ಕೆ ಸಿಕ್ಕಿತು. ವರ್ಷ ಕಳೆದಂತೆ ಚಿಪ್ ಚಿಕ್ಕದಾಗುತ್ತಿತ್ತು, ತಯಾರಿಕೆಯ ಖರ್ಚು ಇಳಿಯುತ್ತಿತ್ತು, ಅದರ ಪಾಲು ಕೊಳ್ಳುವವನಿಗೂ ಬರುತ್ತಿತ್ತು. ನಾನು 2ನ್ನು ಕೊಂಡದ್ದು 2008ರಲ್ಲಿ, 3ನ್ನು 2013ರಲ್ಲಿ, 4ನ್ನು 2018ರಲ್ಲಿ. ಊರೆಲ್ಲ ಹೊಸದಕ್ಕೆ ಹಾರುವಾಗ ಹಳೆಯದರ ಡಿಸ್ಕುಗಳು ಮಿರ್ಚಿ-ಮಂಡಕ್ಕಿಯ ಬೆಲೆಗೆ ಬೀಳುತ್ತಿದ್ದವು. ಬಾಚಿಕೊಳ್ಳುತ್ತಿದ್ದೆ.

ಸೆಕೆಂಡ್ ಹ್ಯಾಂಡ್ ಕನ್ಸೋಲಿಗೆ ನಮ್ಮೂರಿನಲ್ಲಿ ಒಂದು ಸುಗ್ಗಿ ಇದೆ. ಎಂಜಿನಿಯರಿಂಗ್ ಕೊನೆಯ ವರ್ಷದ ಪರೀಕ್ಷೆ ಮುಗಿದ ವಾರ ಅದು. ಹುಡುಗರು ರೂಮ್ ಖಾಲಿ ಮಾಡುವಾಗ ಹಾಸಿಗೆ, ಕೂಲರ್, ಇಂಡಕ್ಷನ್ ಒಲೆಯ ಜೊತೆ ಕನ್ಸೋಲನ್ನೂ ಮಾರಿಬಿಡುತ್ತಾರೆ. ನನ್ನ ಪ್ಲೇಸ್ಟೇಷನ್ 4 ಸಿಕ್ಕಿದ್ದು ವಿದ್ಯಾನಗರದ ಅಂಥದೊಂದು ರೂಮಿನಲ್ಲಿ. ಹುಡುಗನಿಗೆ ಸಂಜೆಯ ಬಸ್ಸಿನ ಅವಸರ. ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಒಂದು ಗಂಟೆ ಆಡಿದೆ.

"ಅಣ್ಣ, ಚೆನ್ನಾಗಿದೆ ಎಂದು ನಾನೇ ಹೇಳುತ್ತಿದ್ದೇನಲ್ಲ."

"ನೀನು ಹೇಳುವುದು ಸರಿ, ಫ್ಯಾನ್ ಏನು ಹೇಳುತ್ತದೆ ಕೇಳೋಣ ಇರು."

ಹತ್ತು ನಿಮಿಷಕ್ಕೆ ಯಾವ ಯಂತ್ರದ ಬಂಡವಾಳವೂ ಬಯಲಾಗುವುದಿಲ್ಲ, ಒಂದು ಗಂಟೆ ಕಾಯಬೇಕು. ಡಿಸ್ಕ್ ಹಾಕಿ ಮೂರು ಸಲ ಹೊರಗೆ ತೆಗೆಯಬೇಕು. ಕಂಟ್ರೋಲರಿನ ಕಡ್ಡಿಗಳಿಂದ ಬೆರಳು ತೆಗೆದಾಗ ಪರದೆಯ ಮೇಲಿನ ಮನುಷ್ಯ ನಿಂತಲ್ಲೇ ನಿಲ್ಲಬೇಕು. ತಾನಾಗಿ ಎಡಕ್ಕೋ ಬಲಕ್ಕೋ ಸರಿದರೆ ಕಡ್ಡಿಯ ಕೆಳಗೆ ಅದರ ಚಲನೆ ಅಳೆಯುವ ಪೊಟೆನ್ಷಿಯೋಮೀಟರ್ ಸವೆದಿದೆ ಎಂದರ್ಥ. ನಾನು ನೋಡಿದ ಕಂಟ್ರೋಲರಿನಲ್ಲಿ ಅವನು ಬಲಕ್ಕೆ ಸರಿದ. ಐನೂರು ರೂಪಾಯಿ ಇಳಿಸಿಕೊಂಡೆ. ಹೊರಡುವ ಮೊದಲು ಹುಡುಗನ ಕೈಯಿಂದಲೇ ಅವನ ಖಾತೆಯನ್ನು ತೆಗೆಸಿದೆ. ಅದನ್ನು ಮರೆತವರು ಆಮೇಲೆ ಫೋನಿನ ಮೇಲೆ ಫೋನ್ ಮಾಡುತ್ತಾ ಕೂರಬೇಕಾಗುತ್ತದೆ.

ನಮ್ಮ ಮನೆ ಇರುವುದು ಮಂಡಕ್ಕಿ ಭಟ್ಟಿಗಳ ಕಡೆ. ಒಣಗಲು ಹಾಕಿದ ಬಿಳಿ ಪಂಚೆಯ ಮೇಲೆ ಕರಿ ಬೀಳುವ ಜಾಗ. ಎರಡನೆಯ ಬೇಸಿಗೆಗೆ ಯಂತ್ರದ ಫ್ಯಾನ್ ಎಷ್ಟು ಅರಚತೊಡಗಿತೆಂದರೆ, ಒಳಕೋಣೆಯಿಂದ ಅಮ್ಮ "ಆ ಗಿರಣಿ ನಿಲ್ಲಿಸಿ ಮಲಗಬಾರದೇನೋ" ಎಂದು ಕೂಗುತ್ತಿದ್ದರು. ಒಂದು ಭಾನುವಾರ ಬಿಚ್ಚಿದೆ. ನಕ್ಷತ್ರದಾಕಾರದ ತಲೆಯ ಸ್ಕ್ರೂಗಳಿಗೆ ಬೇರೆಯೇ ಸ್ಕ್ರೂಡ್ರೈವರ್ ಬೇಕು, ಅದನ್ನು ಮೊಬೈಲ್ ರಿಪೇರಿಯ ಗೆಳೆಯನಿಂದ ತಂದಿದ್ದೆ. ಪವರ್ ಸಪ್ಲೈಯ ಡಬ್ಬಿ ಎತ್ತಿದರೆ, ಬಿಸಿ ಹೊರಹಾಕುವ ಲೋಹದ ಹಲ್ಲುಗಳ ಮೇಲೆ ಬೂದುಬಣ್ಣದ ಕಂಬಳಿ! ಉಗುರಿನಿಂದ ಎತ್ತಿದಾಗ ಅದು ಹರಿಯದೆ ಒಂದೇ ತುಂಡಾಗಿ ಎದ್ದು ಬಂತು: ಧೂಳು, ಕೂದಲು, ಹೊಟ್ಟಿನ ಕರಿ. ಚಿಪ್ಪಿನ ಬಿಸಿಯನ್ನು ಆ ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಹಳೆಯ ಗೋಡೆಯ ಸುಣ್ಣದಂತೆ ಉದುರುತ್ತಿತ್ತು. ಒರೆಸಿ, ಅವರೆಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಮುಚ್ಚಿದೆ. ಅಂದು ರಾತ್ರಿ ಅಮ್ಮ "ಮಾರಿಬಿಟ್ಟೆಯಾ?" ಎಂದು ಕೇಳಿದರು.

ಪ್ಲೇಸ್ಟೇಷನ್ 5ರಲ್ಲಿ ಈ ಸಾಹಸ ಬೇಡ. ಅದರ ಚಿಪ್ಪಿನ ಮೇಲಿರುವುದು ಪೇಸ್ಟ್ ಅಲ್ಲ, ದ್ರವ ಲೋಹ. ಅದು ಚೆಲ್ಲಿದರೆ ಬೋರ್ಡೇ ಹೋದೀತು. ಪಕ್ಕದ ಹಾಳೆಯನ್ನು ಸರಿಸಿ, ಧೂಳು ಹಿಡಿಯಲೆಂದೇ ಇಟ್ಟಿರುವ ಕಿಂಡಿಗಳಿಗೆ ವ್ಯಾಕ್ಯೂಮ್ ಹಿಡಿದರೆ ಸಾಕು. ಇಂಥ ಜಾಣ ಏರ್ಪಾಟಿಗೆ ತಯಾರಕರನ್ನು ಹೊಗಳಲೇಬೇಕು. ಆದರೆ ನನ್ನ ನಿಯಮದ ಲೆಕ್ಕ ತಪ್ಪಿದ್ದೂ ಇದೇ ಯಂತ್ರದಿಂದ.

2021ರ ಫೆಬ್ರವರಿಯಲ್ಲಿ ಡಿಸ್ಕ್ ಇರುವ ಮಾದರಿ ಭಾರತಕ್ಕೆ 49,990 ರೂಪಾಯಿಗೆ ಬಂತು. ನಾನು ಎಂದಿನಂತೆ ಕಾದೆ. 2022ರ ನವೆಂಬರಿನಲ್ಲಿ ಅದು 54,990 ಆಯಿತು! ಎರಡು ವರ್ಷ ಹಳೆಯದಾದ ಯಂತ್ರಕ್ಕೆ ಐದು ಸಾವಿರ ಹೆಚ್ಚು. 2025ರ ಆಗಸ್ಟಿನಲ್ಲಿ ಅಮೆರಿಕದಲ್ಲೂ 499 ಡಾಲರಿನಿಂದ 549ಕ್ಕೆ ಏರಿಸಿದರು. ಚಿಪ್ ಚಿಕ್ಕದಾದರೆ ಅಗ್ಗವಾಗುತ್ತದೆ ಎಂಬ ಹಳೆಯ ಮಾತು ಈಗ ನಡೆಯುತ್ತಿಲ್ಲ. ಸಾಲದ್ದಕ್ಕೆ ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಲಾರಿಗಟ್ಟಲೆ ಹೊತ್ತೊಯ್ದು ಬೆಲೆ ಏರಿಸಿವೆ. ಕಾದವನು ಜಾಣ ಎಂದು ಇಷ್ಟು ವರ್ಷ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಈ ಕೊನೆಯ ಏರಿಕೆಗಳಿಗೂ ಮೊದಲೇ, 2024ರಲ್ಲಿ, ಒಂದು ರಿಯಾಯಿತಿ ನೋಡಿ, ಡಿಸ್ಕ್ ಇರುವುದನ್ನೇ ಕೊಂಡೆ.

ಡಿಸ್ಕ್ ಏಕೆ ಎಂದು ಕೇಳುವವರಿಗೆ ನಮ್ಮ ಚೀಟಿಯ ಕಥೆ ಹೇಳಬೇಕು. ದೊಡ್ಡ ಗೇಮಿನ ಹೊಸ ಡಿಸ್ಕಿಗೆ 4,999 ರೂಪಾಯಿ. ನಮ್ಮೂರಿನ ಸಂಬಳಕ್ಕೆ ಅದು ತಮಾಷೆಯ ಮಾತಲ್ಲ. ನಿಟ್ಟುವಳ್ಳಿ, ವಿನೋಬನಗರ, ಪಿ.ಜೆ. ಬಡಾವಣೆ ಎಂದು ಚದುರಿಹೋಗಿರುವ ನಾವು ಐವರು ತಲಾ ಸಾವಿರ ಹಾಕುತ್ತೇವೆ. ಉಳಿಯುವ ಒಂದು ರೂಪಾಯಿ ಯಾರದೆಂದು ಇನ್ನೂ ಇತ್ಯರ್ಥವಾಗಿಲ್ಲ. ಹೆಸರು ಬರೆದ ಐದು ಚೀಟಿಗಳನ್ನು ಮಡಚಿ ಎತ್ತುತ್ತೇವೆ, ಬಂದ ಸರದಿಯಂತೆ ಒಬ್ಬೊಬ್ಬರಿಗೆ ಮೂರು ವಾರ. ಕೈ ಬದಲಾಗುವಾಗ ಟ್ಯೂಬ್‌ಲೈಟಿನ ಕೆಳಗೆ ಡಿಸ್ಕನ್ನು ವಾಲಿಸಿ ಗೀರು ನೋಡುವುದು ಕಡ್ಡಾಯ. ಪ್ಲೇಸ್ಟೇಷನ್ 2ರ ಕಾಲದಲ್ಲಿ ಗೀರಿಗೆ ಟೂತ್‌ಪೇಸ್ಟ್ ಉಜ್ಜುತ್ತಿದ್ದೆವು. ಆಗಿನ ಡಿವಿಡಿಯಲ್ಲಿ ಮಾಹಿತಿ ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗಿರುವುದರಿಂದ ಆ ನಾಟಿ ವೈದ್ಯ ಕೆಲವೊಮ್ಮೆ ಫಲಿಸುತ್ತಿತ್ತು. ಈಗಿನ ಬ್ಲೂ-ರೇ ಡಿಸ್ಕಿನಲ್ಲಿ ಅದು ಬರೀ 0.1 ಮಿಲಿಮೀಟರ್ ಒಳಗೆ. ಮೇಲಿನ ಗಟ್ಟಿ ಲೇಪನ ಕಾಯುವಷ್ಟು ಕಾಯುತ್ತದೆ. ಅದನ್ನೂ ದಾಟಿ ಗೀರು ಬಿದ್ದರೆ ಡಿಸ್ಕಿನ ಕಥೆ ಮುಗಿಯಿತು, ಟೂತ್‌ಪೇಸ್ಟ್ ಹಚ್ಚಿದರೆ ಉಳಿದದ್ದೂ ಹೋಗುತ್ತದೆ. ಐವರ ಆಟವೂ ಮುಗಿದ ಮೇಲೆ ಡಿಸ್ಕ್ ಮಾರಿ, ಬಂದ ಹಣವನ್ನು ಮುಂದಿನ ಚೀಟಿಗೆ ಜಮಾ ಮಾಡುತ್ತೇವೆ. ಲೆಕ್ಕ ಪುಸ್ತಕ ನನ್ನ ಬಳಿ ಇದೆ.

ಮುಂದೆ ಬರುವ ಯಂತ್ರಗಳ ವಿಷಯದಲ್ಲಿ ನನ್ನನ್ನು ಚುಚ್ಚುತ್ತಿರುವುದು ಈ ಡಿಸ್ಕಿನ ಚಿಂತೆಯೇ. 2024ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೋದಲ್ಲಿ ಡಿಸ್ಕ್ ಡ್ರೈವೇ ಇಲ್ಲ, ಬೇಕಾದವರು ಬೇರೆಯಾಗಿ ಕೊಂಡು ಜೋಡಿಸಿಕೊಳ್ಳಬೇಕು. ಅದರ ವೈ-ಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಆಗ ಇಲ್ಲಿ ಅನುಮತಿ ಇಲ್ಲದ್ದರಿಂದ ಅದು ಭಾರತಕ್ಕೆ ಬರಲಿಲ್ಲ. ನನಗೇನೂ ನಷ್ಟವಾಗಲಿಲ್ಲ ಬಿಡಿ. ನನ್ನ ಟಿವಿ ಸೆಕೆಂಡಿಗೆ 60 ಚಿತ್ರಕ್ಕಿಂತ ಹೆಚ್ಚು ತೋರಿಸುವುದಿಲ್ಲ, ನೀರಿನ ಮೇಲೆ ಬೀಳುವ ಬೆಳಕಿನ ಪ್ರತಿಫಲನ ಎಣಿಸುವಷ್ಟು ಕಣ್ಣೂ ನನಗಿಲ್ಲ. ಡ್ರೈವ್ ಜೋಡಿಸಿದ ಮೇಲೂ ಒಮ್ಮೆ ಇಂಟರ್ನೆಟ್ಟಿನ ಮೂಲಕ ನೋಂದಾಯಿಸಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ನನ್ನ ಮನೆಯ ಬಾಗಿಲಿಗೆ ಚಿಲಕ ಹಾಕಲು ಬಡಗಿಯ ಒಪ್ಪಿಗೆ ಕೇಳಿದಂತಾಯಿತು.

2025ರ ಜೂನಿನಲ್ಲಿ ಬಂದ ನಿಂಟೆಂಡೊ ಸ್ವಿಚ್ 2ರ ದಾರಿ ಬೇರೆ. ಅದರ ಕೆಲವು ಕಾರ್ಡುಗಳಲ್ಲಿ ಗೇಮ್ ಇರುವುದಿಲ್ಲ, ಬೀಗದ ಕೈ ಮಾತ್ರ ಇರುತ್ತದೆ. ಗೇಮನ್ನು ಡೌನ್‌ಲೋಡ್ ಮಾಡಿಕೊಂಡು, ಆಡುವಾಗ ಕಾರ್ಡನ್ನು ಒಳಗೆ ಇಡಬೇಕು. ನಾಲ್ಕು ಜನ ಬೈದರು. ನಾನು ಪೂರ್ತಿ ಬೈಯಲಾರೆ, ಆ ಕಾರ್ಡು ಕೈಯಿಂದ ಕೈಗೆ ದಾಟುತ್ತದೆ, ಅದರ ಮೇಲೆ ಚೀಟಿ ನಡೆಸಬಹುದು.

ಸೋನಿ ಮತ್ತು ಚಿಪ್ ಕಂಪನಿ ಎಎಮ್‌ಡಿ ಸೇರಿ ಮುಂದಿನ ಕನ್ಸೋಲಿನ ತಂತ್ರಜ್ಞಾನದ ಬಗ್ಗೆ 2025ರ ಅಕ್ಟೋಬರಿನಲ್ಲಿ ಮಾತಾಡಿದವು. ಎದುರಾಳಿ ಕನ್ಸೋಲ್ ಎಕ್ಸ್‌ಬಾಕ್ಸ್‌ನವರೂ ಎಎಮ್‌ಡಿಯ ಕೈ ಹಿಡಿದಿದ್ದಾರೆ. ಬೆಳಕು, ನೆರಳು, ಕೃತಕ ಬುದ್ಧಿಮತ್ತೆಯಿಂದ ಚಿತ್ರವನ್ನು ಹಿಗ್ಗಿಸುವ ವಿದ್ಯೆ, ಮಾತೆಲ್ಲ ಅದರದೇ. ನನ್ನ ಅನುಭವದಲ್ಲಿ ಆಟವನ್ನು ನಿಜಕ್ಕೂ ಬದಲಿಸಿದ್ದು ಚಿತ್ರವಲ್ಲ, ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ. ಪ್ಲೇಸ್ಟೇಷನ್ 4ರ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಹೆಚ್ಚೆಂದರೆ 100 ಮೆಗಾಬೈಟ್ ಓದುತ್ತಿತ್ತು, 5ರ ಎಸ್‌ಎಸ್‌ಡಿ ಓದುವುದು 5.5 ಗಿಗಾಬೈಟ್. ಹಿಂದೆ ಒಂದು ಗೇಮ್ ತೆರೆದುಕೊಳ್ಳುವಷ್ಟರಲ್ಲಿ ನಾನು ಎದ್ದು ಹೋಗಿ ಚಹಾ ಕುದಿಸಿ ಸೋಸಿಕೊಂಡು ಬರುತ್ತಿದ್ದೆ. ಈಗ ಚಹಾ ಬಿಟ್ಟೇಹೋಗಿದೆ. ಇಂಥ ಜಿಗಿತ ಮುಂದಿನದರಲ್ಲಿ ಇದ್ದರೆ ನಿಯಮ ಮುರಿದು ಮೊದಲ ವರ್ಷವೇ ಕೊಳ್ಳುತ್ತೇನೆ, ಡಿಸ್ಕಿಗೆ ಕಿಂಡಿ ಇರಬೇಕು ಅಷ್ಟೇ. ಕಿಂಡಿ ಇಲ್ಲದ ಯಂತ್ರಕ್ಕೆ ಕಾದರೂ ಲಾಭವಿಲ್ಲ, ಅದಕ್ಕೆ ಹಳೆಯ ಡಿಸ್ಕುಗಳ ಸುಗ್ಗಿಯೇ ಇರುವುದಿಲ್ಲ.

ಕಳೆದ ತಿಂಗಳು ನಮ್ಮ ಐವರಲ್ಲಿ ವಿನೋಬನಗರದವನು ಹತ್ತು ಸಾವಿರ ಉಳಿಯಿತೆಂದು ಡಿಸ್ಕ್ ಇಲ್ಲದ ಮಾದರಿಯನ್ನು ಕೊಂಡ. ಸಿಹಿ ಹಂಚುವಂತೆ ಎಲ್ಲರಿಗೂ ಬೆಣ್ಣೆದೋಸೆ ಕೊಡಿಸಿದ. ದೋಸೆ ತಿನ್ನುತ್ತಲೇ ಯಾರೋ "ಹಾಗಾದರೆ ಚೀಟಿ?" ಎಂದರು. ಅವನು ಅಂಗೈಯ ಬೆಣ್ಣೆ ಒರೆಸಿಕೊಳ್ಳುತ್ತಾ "ಡ್ರೈವ್ ತರಿಸುತ್ತೇನೆ ಮಾರಾಯ" ಎಂದ. ಈ ಸಲ ನಾಲ್ವರು ತಲಾ 1,250 ಹಾಕಿದ್ದೇವೆ. ಪುಸ್ತಕದಲ್ಲಿ ಅವನ ಹೆಸರನ್ನು ಹೊಡೆದುಹಾಕಿಲ್ಲ, ಮುಂದಿನ ಜಾಗ ಖಾಲಿ ಬಿಟ್ಟಿದ್ದೇನೆ.