ಕೋವಿಡ್ ಪರಿಹಾರದ ದುಡ್ಡು ಅಮೆರಿಕದ ಯಾವ ಫಾರ್ಮ್‌ಗೆ ಹೋಯಿತು? ಹುಡುಕುವುದು ಹೀಗೆ

2020ರಲ್ಲಿ ಅಮೆರಿಕ ಸರ್ಕಾರ ತನ್ನ ರೈತರಿಗೆ ನೇರವಾಗಿ ಕೊಟ್ಟ ಹಣ ಎಲ್ಲ ಸೇರಿ 4,500 ಕೋಟಿ ಡಾಲರ್ ದಾಟಿತ್ತು. ಅದರಲ್ಲಿ ದೊಡ್ಡ ಪಾಲು ಕೋವಿಡ್ ಪರಿಹಾರ. ಯಾರಿಗೆ ಎಷ್ಟು ಸಿಕ್ಕಿತು ಅಂತ ನೀವೇ ನೋಡಬಹುದು, ಅದಕ್ಕೆ ಪತ್ರಕರ್ತರೂ ಆಗಿರಬೇಕಿಲ್ಲ, ಅಮೆರಿಕದವರೂ ಆಗಿರಬೇಕಿಲ್ಲ. ಆದರೆ ಒಂದೇ ಕಡೆ ಪೂರ್ತಿ ಲೆಕ್ಕ ಸಿಗುವುದಿಲ್ಲ.

ಜಾಸ್ತಿ ಜನ ಯುಎಸ್‌ಎಸ್ಪೆಂಡಿಂಗ್ ಅನ್ನುವ ಸರ್ಕಾರಿ ವೆಬ್‌ಸೈಟ್‌ನಿಂದ ಶುರು ಮಾಡಿ ಅಲ್ಲೇ ಸೋತು ಬಿಡುತ್ತಾರೆ. ಅಲ್ಲಿ ಒಟ್ಟು ಮೊತ್ತ ಚೆನ್ನಾಗಿ ಕಾಣುತ್ತದೆ, ವ್ಯಕ್ತಿಗಳ ಹೆಸರು ಮಾತ್ರ ಮುಚ್ಚಿರುತ್ತದೆ. ಹೆಸರು ಬೇಕಾದರೆ ಕೃಷಿ ಇಲಾಖೆಯ ಫಾರ್ಮ್ ಸರ್ವಿಸ್ ಏಜೆನ್ಸಿಯ ವೆಬ್‌ಸೈಟ್‌ಗೆ ಹೋಗಿ. ಅಲ್ಲಿ ಎಲೆಕ್ಟ್ರಾನಿಕ್ ರೀಡಿಂಗ್ ರೂಮ್ ಅಂತ ಒಂದು ವಿಭಾಗ ಇದೆ, ಅದರೊಳಗೆ ವರ್ಷವಾರು ಪೇಮೆಂಟ್ ಫೈಲ್‌ಗಳಿವೆ. ಪಡೆದವರ ಹೆಸರು, ವಿಳಾಸ, ಮೊತ್ತ, ತಾರೀಖು, ಯೋಜನೆ ಎಲ್ಲ ಅದರಲ್ಲಿ ಇರುತ್ತದೆ. ಯೋಜನೆಯ ಕಾಲಮ್ಮಿನಲ್ಲಿ ಸಿಎಫ್‌ಎಪಿ (CFAP, ಕೊರೊನಾವೈರಸ್ ಆಹಾರ ನೆರವು ಯೋಜನೆ) ಅಂತ ಹುಡುಕಿ. ರೈತರಿಗೆ ನೇರವಾಗಿ ಕೊಡಲು 2020ರ ಏಪ್ರಿಲ್‌ನಲ್ಲಿ 1,600 ಕೋಟಿ ಡಾಲರ್ ಘೋಷಿಸಿದ್ದು, ಸೆಪ್ಟೆಂಬರ್‌ನಲ್ಲಿ ಇನ್ನೂ 1,400 ಕೋಟಿವರೆಗೆ ಘೋಷಿಸಿದ್ದು ಇದೇ ಯೋಜನೆಯಲ್ಲಿ.

ಒಂದು ಎಚ್ಚರಿಕೆ. ಮೊದಲ ಸುತ್ತಿನಲ್ಲಿ ಆರಂಭಕ್ಕೆ 80% ಮಾತ್ರ ಕೊಟ್ಟು ಉಳಿದದ್ದನ್ನು ಆಮೇಲೆ ಕೊಟ್ಟರು. ಹಾಗಾಗಿ ಸಾಲುಗಳನ್ನು ಎಣಿಸಿ ಇಷ್ಟು ರೈತರು ಅಂತ ಹೇಳಬೇಡಿ, ಹೆಸರುವಾರು ಕೂಡಿ.

ಈಗ ಮುಖ್ಯವಾದ ಮಾತು. ಹೆಸರಿಗಿಂತ ವಿಳಾಸ ನೋಡಿ. ಮೊದಲ ಸುತ್ತಿನಲ್ಲಿ ಒಬ್ಬರಿಗೆ 2.5 ಲಕ್ಷ ಡಾಲರ್ ಮಿತಿ ಇತ್ತು. ಅದೇ ಕಂಪನಿಯೋ ಎಲ್‌ಎಲ್‌ಸಿಯೋ (ಸೀಮಿತ ಹೊಣೆಗಾರಿಕೆಯ ಸಂಸ್ಥೆ) ಆಗಿದ್ದು, ಮೂವರು ಪಾಲುದಾರರು ತಲಾ 400 ಗಂಟೆ ದುಡಿಮೆ ಅಥವಾ ಮೇಲ್ವಿಚಾರಣೆ ಮಾಡಿದ್ದರೆ 7.5 ಲಕ್ಷದವರೆಗೂ ಸಿಗುತ್ತಿತ್ತು. ಒಂದೇ ಮನೆಯವರು ಬೇರೆ ಬೇರೆ ಹೆಸರಿನಲ್ಲಿ ಸಂಸ್ಥೆ ಮಾಡಿಕೊಂಡಿದ್ದರೆ ಹೆಸರಿನ ಪಟ್ಟಿಯಲ್ಲಿ ಅವು ಚೆದುರಿ ಹೋಗುತ್ತವೆ, ವಿಳಾಸದ ಪ್ರಕಾರ ಜೋಡಿಸಿದರೆ ಒಟ್ಟಿಗೆ ಬಂದು ನಿಲ್ಲುತ್ತವೆ. ಆಮೇಲೆ ಆಯಾ ರಾಜ್ಯದ ಕಂಪನಿ ನೋಂದಣಿಯಲ್ಲಿ ಆ ಸಂಸ್ಥೆಯ ಹಿಂದೆ ಯಾರಿದ್ದಾರೆ ಅಂತ ನೋಡಿ. ಒಂದೇ ವಿಳಾಸ ಇದ್ದ ಮಾತ್ರಕ್ಕೆ ಮೋಸ ಅಂತ ಅಲ್ಲ, ಅಕೌಂಟೆಂಟ್ ಆಫೀಸಿನ ವಿಳಾಸವೂ ಆಗಿರಬಹುದು ಅಲ್ವಾ? ಕೇಳಿ ಖಚಿತ ಮಾಡಿಕೊಳ್ಳದೆ ಯಾರ ಹೆಸರನ್ನೂ ಹೊರಗೆ ಹಾಕಬೇಡಿ.

ಇಷ್ಟಕ್ಕೇ ನಿಲ್ಲಿಸಬೇಡಿ, ಪಿಪಿಪಿ (ಪೇಚೆಕ್ ಪ್ರೊಟೆಕ್ಷನ್ ಪ್ರೋಗ್ರಾಂ) ಸಾಲವನ್ನೂ ನೋಡಿ. ಸಂಬಳ ಕೊಡಲು ಕೊಟ್ಟ ಈ ಸಾಲ ಷರತ್ತು ಪಾಲಿಸಿದರೆ ಮನ್ನಾ ಆಗುತ್ತಿತ್ತು, ಎಷ್ಟೋ ಫಾರ್ಮ್‌ಗಳು ಇದನ್ನೂ ತೆಗೆದುಕೊಂಡಿವೆ. ಮೊದಲು 1.5 ಲಕ್ಷ ಡಾಲರ್‌ಗಿಂತ ಕಡಿಮೆ ಪಡೆದವರ ಹೆಸರನ್ನೇ ಬಿಟ್ಟಿರಲಿಲ್ಲ. ಸುದ್ದಿ ಸಂಸ್ಥೆಗಳು ಕೋರ್ಟಿಗೆ ಹೋಗಿ ಗೆದ್ದ ಮೇಲೆ, 2020ರ ಡಿಸೆಂಬರ್‌ನಲ್ಲಿ ಎಲ್ಲರ ಹೆಸರು ಮತ್ತು ಸರಿಯಾದ ಮೊತ್ತ ಹೊರಗೆ ಬಂತು. ಆ ಫೈಲ್ ಈ ಸಾಲ ಯೋಜನೆ ನಡೆಸಿದ ಸರ್ಕಾರಿ ಸಂಸ್ಥೆ ಸ್ಮಾಲ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್‌ನ ಡೇಟಾ ವೆಬ್‌ಸೈಟ್‌ನಲ್ಲಿದೆ. ಉದ್ಯಮದ ಕೋಡ್ 111 ಅಂತ ಶುರುವಾದರೆ ಬೆಳೆ, 112 ಆದರೆ ಪಶುಸಂಗೋಪನೆ. ಎರಡೂ ಫೈಲ್‌ಗಳನ್ನು ಹೆಸರು, ವಿಳಾಸ ಹಿಡಿದು ಹೋಲಿಸಿ.

ಇನ್ನೂ ಏನಾದರೂ ಸಿಗದಿದ್ದರೆ ಅವರ ಮಾಹಿತಿ ಹಕ್ಕು ಕಾಯ್ದೆ ಇದೆ, ಫೋಯಾ ಅನ್ನುತ್ತಾರೆ. ಯಾವ ದೇಶದವರೂ ಅರ್ಜಿ ಹಾಕಬಹುದು. ಸುಮ್ನೆ ಎಲ್ಲ ಕೊಡಿ ಅಂತ ಬರೆಯಬೇಡಿ. 2008ರ ಕೃಷಿ ಮಸೂದೆಯ 1619ನೇ ಸೆಕ್ಷನ್ ಪ್ರಕಾರ ರೈತರು ತಮ್ಮ ಜಮೀನು, ಕೃಷಿ ಬಗ್ಗೆ ಕೊಟ್ಟ ವಿವರವನ್ನು ಇಲಾಖೆ ಹೊರಗೆ ಬಿಡುವಂತಿಲ್ಲ. ಆದರೆ ಪಾವತಿಯ ವಿವರ, ಪಡೆದವರ ಹೆಸರು, ವಿಳಾಸಕ್ಕೆ ಅದೇ ಸೆಕ್ಷನ್ ವಿನಾಯಿತಿ ಕೊಟ್ಟಿದೆ. ಆದ್ದರಿಂದ ಎಕರೆ, ದನಗಳ ಲೆಕ್ಕ ಕೇಳದೆ ಯೋಜನೆ, ಕೌಂಟಿ (ನಮ್ಮ ಜಿಲ್ಲೆಯ ಹಾಗೆ), ವರ್ಷ ಹೆಸರಿಸಿ ಪಾವತಿಯನ್ನಷ್ಟೇ ಕೇಳಿ. ಎಷ್ಟು ಶುಲ್ಕ ಕೊಡಲು ಸಿದ್ಧ ಅಂತಲೂ ಬರೆಯಿರಿ. 20 ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು ಅಂತ ಕಾನೂನು ಇದೆ, ತಡ ಆಗುವುದೂ ಉಂಟು. ನಿರಾಕರಿಸಿದರೆ ಮೇಲ್ಮನವಿಗೆ ಕನಿಷ್ಠ 90 ದಿನ ಸಿಗುತ್ತದೆ, ಆ ಪತ್ರದ ತಾರೀಖು ಬರೆದಿಟ್ಟುಕೊಳ್ಳಿ.