ಕಾಫಿ ಎಲೆಯ ಬೆಳಕು, ಕಣದ ಲೆಕ್ಕ

ನಾನು ಮಡಿಕೇರಿಯಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಕಳೆದ ಮಳೆಗಾಲದಲ್ಲಿ ತೋಟದಿಂದ ರೊಬಸ್ಟಾ ಎಲೆ ತಂದು, ನೀರು ಒರೆಸಿ, ಕಪ್ಪು ಬಟ್ಟೆಯೊಳಗೆ ಇಟ್ಟು ನೀಲಿ ಎಲ್‌ಇಡಿ ಬೆಳಕು ಬಿಟ್ಟೆ. ಎಲೆ ಹೊರಸೂಸುವ ಕೆಂಪು ಬೆಳಕಿನ ರೋಹಿತ, ಅಂದರೆ ಯಾವ ತರಂಗಾಂತರದಲ್ಲಿ ಎಷ್ಟು ಬೆಳಕಿದೆ ಎಂಬ ನಕ್ಷೆ, ಬೇಕಿತ್ತು. ಕ್ಲೋರೋಫಿಲ್‌ಗೆ ಎರಡು ಶಿಖರ. ಒಂದು 685 ನ್ಯಾನೋಮೀಟರ್ ಆಸುಪಾಸು, ಇನ್ನೊಂದು 740ರ ಹತ್ತಿರ.

ಎರಡನ್ನೂ ಗಾಸಿಯನ್ (ಗಂಟೆಯಾಕಾರದ) ಗೆರೆಗಳಾಗಿ ಬಿಡಿಸಲು ಶಕ್ತಿಯ ಅಳತೆ ಬೇಕು. 1239.84 ಅನ್ನು ನ್ಯಾನೋಮೀಟರಿನ ತರಂಗಾಂತರದಿಂದ ಭಾಗಿಸಿದರೆ ಶಕ್ತಿ ಎಲೆಕ್ಟ್ರಾನ್ ವೋಲ್ಟ್ ಲೆಕ್ಕದಲ್ಲಿ ಸಿಗುತ್ತದೆ. 685ಕ್ಕೆ 1.810, 740ಕ್ಕೆ 1.675. ಅಡ್ಡ ಅಕ್ಷ ಬದಲಿಸಿದೆ, ಎತ್ತರವನ್ನು ಹಾಗೇ ಬಿಟ್ಟೆ. ತಪ್ಪಿದ್ದು ಅಲ್ಲೇ.

710ರಿಂದ ಆಚೆ ಒಟ್ಟು ಬೆಳಕಿನ ಎಷ್ಟು ಪಾಲು ಇದೆ ಎಂದು ಎರಡೂ ನಕ್ಷೆಯಲ್ಲಿ ಲೆಕ್ಕ ಹಾಕಿದೆ. ಶಕ್ತಿಯ ನಕ್ಷೆಯಲ್ಲಿ ಪಾಲು ಕಡಿಮೆ ಬಂತು. ಎಲೆ ಒಂದೇ, ಬೆಳಕೂ ಒಂದೇ. ಅಳತೆಗೋಲು ಬದಲಾದರೆ ಪಾಲು ಬದಲಾಗಬಾರದು ಅಲ್ವಾ?

ಕಣದಲ್ಲಿ ಕಾಫಿ ಒಣಹಾಕುವುದನ್ನು ನೆನೆಸಿಕೊಳ್ಳಿ. ಒಂದು ಮೂಟೆಯನ್ನು ಅಗಲಕ್ಕೆ ಹರಡಿದರೆ ತೆಳುವಾಗುತ್ತದೆ, ಇಕ್ಕಟ್ಟಿನಲ್ಲಿ ಹರಡಿದರೆ ದಪ್ಪ. ಮೂಟೆ ಅಷ್ಟೇ. ರೋಹಿತದ ಎತ್ತರ ಅಂದರೆ ಈ ದಪ್ಪ. 400ರಿಂದ 401 ನ್ಯಾನೋಮೀಟರ್‌ವರೆಗಿನ ಜಾಗ ಶಕ್ತಿಯಲ್ಲಿ 0.0077 ಎಲೆಕ್ಟ್ರಾನ್ ವೋಲ್ಟ್ ಅಗಲ. 700ರಿಂದ 701ಕ್ಕೆ ಬರೀ 0.0025. ಕೆಂಪಿನ ಕಡೆ ಕಣ ಕಿರಿದು, ಹಾಗಾಗಿ ಬೆಳಕಿನ ಪದರ ದಪ್ಪವಾಗಲೇಬೇಕು.

ಅದಕ್ಕೆ ಪ್ರತಿ ರೀಡಿಂಗನ್ನೂ ತರಂಗಾಂತರದ ವರ್ಗದಿಂದ ಗುಣಿಸಿ 1239.84ರಿಂದ ಭಾಗಿಸಿದೆ. ಸ್ಪ್ರೆಡ್‌ಶೀಟಿನಲ್ಲಿ ಇನ್ನೊಂದು ಕಾಲಂ, ಅಷ್ಟೇ ಕೆಲಸ. 685ರ ಶಿಖರಕ್ಕೆ ಹೋಲಿಸಿದರೆ 740ರದು ಸುಮಾರು ಶೇ. 17ರಷ್ಟು ಮೇಲೆದ್ದಿತು. ಪಾಲಿನ ಲೆಕ್ಕವೂ ಕೂಡಿಬಂತು. ಆ ಸಂಜೆ ನನಗಾದ ಖುಷಿ ಇನ್ನೂ ನೆನಪಿದೆ.

ಸೂರ್ಯನ ಬೆಳಕಿನದೂ ಇದೇ ಕಥೆ. ತರಂಗಾಂತರದಲ್ಲಿ ಅದರ ಶಿಖರ ಸುಮಾರು 500 ನ್ಯಾನೋಮೀಟರ್. ಶಕ್ತಿಯ ಅಳತೆಯಲ್ಲಿ ಬರೆದರೆ ಶಿಖರ ಬೀಳುವುದು 880 ನ್ಯಾನೋಮೀಟರ್‌ಗೆ ಸಮನಾದ ಜಾಗದ ಸುತ್ತಮುತ್ತ, ಕಣ್ಣಿಗೆ ಕಾಣದ ಅವಕೆಂಪಿನಲ್ಲಿ! ಎರಡೂ ಸರಿಯೇ. ಅದಕ್ಕೇ ನನ್ನ ವಿದ್ಯಾರ್ಥಿಗಳು ನಕ್ಷೆಯ ಲಂಬ ಅಕ್ಷದ ಮೇಲೆ ಸುಮ್ನೆ ‘ತೀವ್ರತೆ’ ಎಂದು ಬರೆದರೆ ಒಪ್ಪುವುದಿಲ್ಲ. ‘ಪ್ರತಿ ನ್ಯಾನೋಮೀಟರ್‌ಗೆ’ ಅಥವಾ ‘ಪ್ರತಿ ಎಲೆಕ್ಟ್ರಾನ್ ವೋಲ್ಟ್‌ಗೆ’ ಎಂದು ಇರಲೇಬೇಕು.

ಗುಣಿಸುವ ಮೊದಲೇ ಕತ್ತಲೆಯ ರೀಡಿಂಗ್ (ಬೆಳಕಿಲ್ಲದಾಗಲೂ ಉಪಕರಣ ತೋರಿಸುವ ಅಂಕಿ) ಕಳೆಯಿರಿ, ಡಿಟೆಕ್ಟರ್ ಒಂದೊಂದು ತರಂಗಾಂತರಕ್ಕೆ ಒಂದೊಂದು ರೀತಿ ಸ್ಪಂದಿಸುವುದಕ್ಕೆ ತಿದ್ದುಪಡಿಯನ್ನೂ ಮಾಡಿ. ಇಲ್ಲದಿದ್ದರೆ ಉಳಿದ ಚೂರುಪಾರು 650ಕ್ಕಿಂತ 800ರಲ್ಲಿ ಒಂದೂವರೆ ಪಟ್ಟು ಹಿಗ್ಗಿ, ನಿಜವಾದ ಬೆಳಕಿನ ಹಾಗೆ ಕಾಣುತ್ತದೆ. ಹೀರಿಕೆಯ ರೋಹಿತಕ್ಕೆ ಮಾತ್ರ ಈ ಗುಣಾಕಾರ ಬೇಡ. ಅಲ್ಲಿ ಎರಡು ತೀವ್ರತೆಗಳ ಅನುಪಾತ ಇರುವುದರಿಂದ ಮೇಲೂ ಕೆಳಗೂ ಬರುವ ಅದೇ ಗುಣಕ ಹೊಡೆದುಹೋಗುತ್ತದೆ.